ನಾಲ್ಕು ಬೆರಳು ಜಾಸ್ತಿ

ಕಟಕಟಕಟ ಎಂದು ಓಡುತ್ತಿದ್ದ ಹೊಲಿಗೆ ಮೆಷಿನ್ನು ನಿಂತಿತು. ಮತ್ತೆ ಓಡಿತು. ಮತ್ತೆ ನಿಂತಿತು. ಪಕ್ಕದ ಔಷಧಿ ಅಂಗಡಿಯವನಿಗೆ ಈ ಸದ್ದಿನಲ್ಲೇ ಎಲ್ಲ ತಿಳಿಯುತ್ತಿತ್ತು. ಒಂದೇ ಉಸಿರಿಗೆ ಓಡಿದರೆ ಅವಳ ಮನಸ್ಸು ಸರಿಯಿದೆ ಎಂದರ್ಥ. ಹೀಗೆ ತಡವರಿಸಿದರೆ, ಬಟ್ಟೆ ಆಯ್ತಾ ಎಂದು ಕೇಳಲು ಬಂದವರನ್ನು ಅವನೇ ಬಾಗಿಲಲ್ಲಿ ತಡೆದು, ನಾಳೆ ಬನ್ನಿ ಎಂದು ಕಳಿಸುತ್ತಿದ್ದ.

ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ಅವಳ ತಾಯಿ ಹೇಳುತ್ತಿದ್ದರು. ಅಂಥವಳ ಪಾಲಿಗೆ ಬಂದದ್ದು ದಿನಕ್ಕೆ ಒಂಬತ್ತು ಗಂಟೆ ಕೂತು ಮಾಡುವ ಕೆಲಸ. ಗಂಡ ಪ್ರೀತಿಯಿಂದ ಮೆಷಿನ್ನಿಗೆ ಮೋಟಾರು ಹಾಕಿಸಿಕೊಟ್ಟಿದ್ದ. ಒಂದು ವಾರ ತಡೆದುಕೊಂಡು ಅದನ್ನು ಬಿಚ್ಚಿಸಿದಳು. ಕೈಗೆ ಕೆಲಸವಿದ್ದು ಕಾಲು ಸುಮ್ಮನಿದ್ದರೆ ತಲೆ ಕೆಡುತ್ತದೆ ಎಂದಳು. ಹೊಲಿಗೆ ಕಲಿಸಿದ್ದೂ ತಾಯಿಯೇ. ಅವರು ಹೇಳಿಕೊಟ್ಟ ಮೊದಲ ಪಾಠ, ಎಷ್ಟೇ ಅಳತೆ ಇರಲಿ, ಕತ್ತರಿ ಹಾಕುವಾಗ ನಾಲ್ಕು ಬೆರಳು ಜಾಸ್ತಿ ಬಿಡು ಎಂಬುದು. ಮೈ ಬೆಳೆಯುತ್ತೆ, ಬಟ್ಟೆ ಬೆಳೆಯಲ್ಲ. ನಲವತ್ತಾರರ ಈ ವಯಸ್ಸಿಗೆ ಅದು ಅವಳಿಗೆ ನೆನಪಿನಲ್ಲಿ ಉಳಿದ ಮಾತಲ್ಲ, ಬೆರಳಿಗೆ ಅಂಟಿದ ಅಭ್ಯಾಸ.

ಓಟದ ಹುಚ್ಚು ಹಿಡಿಸಿದ್ದು ನಾದಿನಿ. ಆಸ್ಪತ್ರೆಯಲ್ಲಿ ನರ್ಸು. ದಿನವಿಡೀ ಮಲಗಿದವರನ್ನು ನೋಡಿ ನೋಡಿ ಅವಳಿಗೆ ಓಡಬೇಕು ಅನಿಸಿತಂತೆ. ಅವಳ ಹಿಂದೆ ಎದುರು ಬೀದಿಯ ಎಲೆಕ್ಟ್ರಿಷಿಯನ್ ಸೇರಿಕೊಂಡ. ಮೊದಮೊದಲು ಎರಡು ಕಿಲೋಮೀಟರಿಗೇ ಕೈಚೆಲ್ಲಿ ಕೂತುಬಿಡುತ್ತಿದ್ದವನಿಗೆ ಬಿದ್ದ ಹೆಸರು ಫ್ಯೂಸು. ಬಸ್ಸು ಓಡಿಸುವ ಗಂಡ ಮಾತ್ರ ಸೇರಲಿಲ್ಲ. ದಿನಕ್ಕೆ ಇನ್ನೂರು ಕಿಲೋಮೀಟರು ಕೂತೇ ಹೋಗಿ ಬರುವವನು ಮತ್ತೆ ಓಡುವುದೇನು ಎಂದ. ಆದರೂ ಅವರು ಓಡುವ ದಿನ ನೀರಿನ ಬಾಟಲಿ ಹಿಡಿದು ದಾರಿಯಲ್ಲಿ ನಿಲ್ಲುವುದನ್ನು ತಪ್ಪಿಸುತ್ತಿರಲಿಲ್ಲ.

ಹೋದ ವರ್ಷ ಮೂವರೂ ಹಾಫ್ ಮ್ಯಾರಥಾನಿಗೆ ಹೆಸರು ಕೊಟ್ಟರು. ಇಪ್ಪತ್ತೊಂದು ಕಿಲೋಮೀಟರು, ಮೇಲೆ ನೂರು ಮೀಟರು. ಮೂರು ಗಂಟೆಯೊಳಗೆ ಮುಗಿಸಬೇಕು. ಹದಿನಾರನೆಯ ಕಿಲೋಮೀಟರಿನಲ್ಲಿ ಅವಳ ಕಾಲು ಹತ್ತಿಯಾಯಿತು. ಹಿಂದೆ ಉಳಿದವರನ್ನು ಎತ್ತಿಕೊಂಡು ಬರುವ ವ್ಯಾನು ಪಕ್ಕದಲ್ಲಿ ನಿಂತಿತು. ಹತ್ತಿ ಕೂತಳು. ಫೋಟೊದಲ್ಲಿ ನಾದಿನಿಯ ಕೊರಳಲ್ಲಿ ಪದಕ, ಫ್ಯೂಸಿನ ಕೊರಳಲ್ಲಿ ಪದಕ, ನಡುವೆ ಇಬ್ಬರ ಚೀಲವನ್ನೂ ಹಿಡಿದು ಅವಳು. ರಾತ್ರಿ ಊಟಕ್ಕೆ ಕೂತಾಗ ಗಂಡ ನಗುತ್ತ, ಅದರ ಹೆಸರೇ ಅರ್ಧ, ಅದನ್ನೂ ಅರ್ಧಕ್ಕೆ ಬಿಟ್ಟು ಬಂದೆಯಲ್ಲೇ ಎಂದ. ಅವಳೂ ನಕ್ಕಳು. ಆ ಮಾತು ಮಾತ್ರ ಬಟ್ಟೆಯಲ್ಲಿ ಉಳಿದುಹೋದ ಗುಂಡುಸೂಜಿಯ ಹಾಗೆ ವರ್ಷವಿಡೀ ಒಳಗೇ ಚುಚ್ಚಿತು. ಹಿಡಿದ ಬಟ್ಟೆಯನ್ನು ಅವಳು ಇವತ್ತಿನವರೆಗೂ ಅರ್ಧಕ್ಕೆ ಬಿಟ್ಟವಳಲ್ಲ.

ಈ ಸಲ ಒಬ್ಬಳೇ ಅಭ್ಯಾಸ ಮಾಡುತ್ತೇನೆ ಎಂದಳು. ಮೊಬೈಲು ಒಯ್ಯುತ್ತಿರಲಿಲ್ಲ. ಒಯ್ದರೆ ಮೂರನೇ ಸುತ್ತಿಗೇ ಯಾರಾದರೂ ಪ್ಯಾಂಟು ಆಯ್ತಾ ಎಂದು ಫೋನು ಮಾಡುತ್ತಾರೆ. ಕೆರೆಯ ಸುತ್ತಲಿನ ದಾರಿಯನ್ನು ತಾನೇ ಅಳೆದಳು. ಒಂದೂವರೆ ಮೀಟರಿನ ತನ್ನ ಟೇಪನ್ನು ಉದ್ದನೆಯ ದಾರದ ಮೇಲೆ ಹತ್ತು ಸಲ ಇಟ್ಟು, ಒಂದೊಂದು ಅಳತೆಗೂ ಕೆಂಪು ನೂಲು ಸುತ್ತಿ, ಹದಿನೈದು ಮೀಟರಿನ ದಾರ ಮಾಡಿದಳು. ಒಂದು ಭಾನುವಾರ ಮಗಳೊಡನೆ ಆ ದಾರ ಹಿಡಿದು, ಬೆಂಚಿನಿಂದ ಹೊರಟು ಸುತ್ತಿ ಅದೇ ಬೆಂಚಿಗೆ ಬಂದಳು. ಅರವತ್ತೇಳು ದಾರಕ್ಕೆ ಒಂಚೂರು ಕಡಿಮೆ. ಒಂದು ಸುತ್ತಿಗೆ ಸರಿಯಾಗಿ ಒಂದು ಕಿಲೋಮೀಟರು.

ಹತ್ತು ಸುತ್ತು, ಹದಿನಾಲ್ಕು, ಹದಿನೆಂಟು. ಇಪ್ಪತ್ತಕ್ಕೆ ಬಂದು ನಿಂತಿತು. ಇಪ್ಪತ್ತು ಮುಗಿಯುವ ಹೊತ್ತಿಗೆ ಬೆಂಚಿನಲ್ಲಿ ಕೂತ ಮಗಳ ಕೈಯ ಗಡಿಯಾರ ಎರಡು ಗಂಟೆ ಐವತ್ತೆರಡು ನಿಮಿಷ ತೋರಿಸುತ್ತಿತ್ತು. ಮೂರು ಭಾನುವಾರವೂ ಅಷ್ಟೇ. ಉಳಿದ ಎಂಟು ನಿಮಿಷದಲ್ಲಿ ಇನ್ನೊಂದು ಸುತ್ತು ಆಗದು ಎಂದು ಕಾಲಿಗೂ ಗೊತ್ತು, ಅವಳಿಗೂ ಗೊತ್ತು. ಹಾಸಿಗೆಯಲ್ಲೂ ಪಾದ ಇಲ್ಲದ ಪೆಡಲು ತುಳಿಯುತ್ತಿತ್ತು.

ಓಟಕ್ಕೆ ಇನ್ನು ಎಂಟೇ ದಿನ. ನಾಲ್ಕೂವರೆಗೆ ನಾದಿನಿ ಅಂಗಡಿಗೆ ಬಂದದ್ದೇ ಮೆಷಿನ್ನು ತಡವರಿಸಲು ಕಾರಣ. ಆಸ್ಪತ್ರೆಯ ಬಟ್ಟೆಯಲ್ಲೇ ಬಂದಿದ್ದಳು. ಇಪ್ಪತ್ತೊಂದರಿಂದ ಹತ್ತು ಕಿಲೋಮೀಟರಿನ ಓಟಕ್ಕೆ ಹೆಸರು ಬದಲಾಯಿಸಲು ಇವತ್ತು ಆರು ಗಂಟೆಯವರೆಗೆ ಸಮಯವಿದೆ ಎಂದಳು. ಅಣ್ಣನನ್ನೂ ಕೇಳಿಯಾಯಿತಂತೆ, ಒಳ್ಳೆಯದೇ ಆಯಿತು ಅಂದನಂತೆ.

"ನೀವು ಮತ್ತೆ ಆ ವ್ಯಾನು ಹತ್ತೋದನ್ನ ನನ್ನ ಕೈಲಿ ನೋಡೋಕಾಗಲ್ಲ, ಅತ್ತಿಗೆ."

ಅವಳು ಮೆಷಿನ್ನಿನ ಕಡೆ ತಿರುಗಿದಳು. ಯಾರದೋ ಪ್ಯಾಂಟಿನ ಕಾಲು ಹೊಲಿದಳು, ಸೊಟ್ಟಗಾಯಿತು, ಬಿಚ್ಚಿದಳು. ಮತ್ತೆ ಹೊಲಿದಳು. ಹತ್ತು ಎಂದರೆ ಮುಗಿಸಿಬಿಡಬಹುದು, ಪದಕವೂ ಸಿಗುತ್ತದೆ. ಆದರೆ ಅದು ಅರ್ಧದ ಅರ್ಧ. ಗಂಡ ಈ ಸಲ ನಗದೇ ಇರಬಹುದು. ನಗದೇ ಇದ್ದರೆ ಅದು ಇನ್ನೂ ಕಷ್ಟ.

ಅಷ್ಟರಲ್ಲಿ ಹೆಗಲ ಮೇಲೆ ವೈರಿನ ಸುರುಳಿ, ಕೈಯಲ್ಲಿ ಅವಳದೇ ದಾರ ಹಿಡಿದು ಫ್ಯೂಸು ಒಳಗೆ ಬಂದ. ತನ್ನ ಸ್ಟೀಲ್ ಟೇಪು ಇನ್ನೊಂದು ಕಟ್ಟಡದಲ್ಲಿ ಉಳಿದಿದೆಯೆಂದು ನಿನ್ನೆ ಈ ದಾರ ಕೇಳಿಕೊಂಡು ಹೋಗಿದ್ದ.

"ಅತ್ತಿಗೆ, ನಿಮ್ಮ ಹದಿನೈದು ಮೀಟರು ಯಾವ ಊರಿಂದು?"

ಆ ದಾರದ ಅಳತೆಗೆ ನಾಲ್ಕು ತುಂಡು ವೈರು ಕತ್ತರಿಸಿದ್ದನಂತೆ. ಒಂದೊಂದು ತುಂಡೂ ಬೇಕಾದ್ದಕ್ಕಿಂತ ಮುಕ್ಕಾಲು ಮೀಟರು ಜಾಸ್ತಿ ಬಂದು, ಮೇಸ್ತ್ರಿ ಎಲ್ಲರೆದುರು, ಇವನಿಗೆ ವೈರು ಬಿಟ್ಟು ಬಟ್ಟೆ ಒಣಗಿಸೋ ಹಗ್ಗ ಕೊಡಿ ಎಂದು ಗೇಲಿ ಮಾಡಿದನಂತೆ. ನಾದಿನಿ ನಕ್ಕಳು. ಇವಳು ನಗಲಿಲ್ಲ. ದಾರವನ್ನು ಮೇಜಿನ ಮೇಲೆ ಎಳೆದುಕೊಂಡು ಕೊರಳಿನ ಟೇಪು ತೆಗೆದು ಅದರ ಮೇಲಿಟ್ಟಳು. ಟೇಪು ಮುಗಿಯಿತು, ಕೆಂಪು ನೂಲು ಇನ್ನೂ ಮುಂದಿತ್ತು. ಆ ಜಾಗಕ್ಕೆ ಬೆರಳಿಟ್ಟಳು. ನಾಲ್ಕು ಬೆರಳು, ಹೊಲಿದಿಟ್ಟ ಹಾಗೆ ಕೂತವು. ಎರಡನೆಯ ನೂಲಿಗೂ ನಾಲ್ಕು. ಹತ್ತಕ್ಕೂ ಅಷ್ಟೇ.

ಕತ್ತರಿ ಹಿಡಿಯುವ ಕೈ. ರಸ್ತೆ ಅಳೆಯುವಾಗಲೂ ಮಡಿಕೆಗೆಂದು ಬಿಟ್ಟಿತ್ತು.

ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಮೇಜಿನ ಮೇಲೆ ಬರೆದಳು. ಒಂದು ದಾರಕ್ಕೆ ಮುಕ್ಕಾಲು ಮೀಟರು ಜಾಸ್ತಿ. ಒಂದು ಸುತ್ತಿಗೆ ಐವತ್ತು. ಇಪ್ಪತ್ತು ಸುತ್ತಿಗೆ ಸಾವಿರ. ಅಳಿಸಿ ಇನ್ನೊಮ್ಮೆ ಬರೆದಳು. ಸಾವಿರವೇ. ಮೂರು ಭಾನುವಾರ ಅವಳು ಓಡಿ ನಿಂತದ್ದು ಇಪ್ಪತ್ತಕ್ಕಲ್ಲ, ಇಪ್ಪತ್ತೊಂದಕ್ಕೆ. ಎಂಟು ನಿಮಿಷ ಕೈಯಲ್ಲಿತ್ತು. ಉಳಿದದ್ದು ನೂರು ಮೀಟರು.

ನಾದಿನಿ ಮೊಬೈಲು ತೆರೆದು, ಇನ್ನು ಯೋಚನೆ ಮಾಡುತ್ತ ಕೂತರೆ ಆಗದು ಎನ್ನುತ್ತಿದ್ದಳು. ಫ್ಯೂಸು ಇನ್ನೂ ಮೇಸ್ತ್ರಿಯ ಕತೆಯಲ್ಲೇ ಇದ್ದ.

"ಫ್ಯೂಸು, ಇಲ್ಲಿಂದ ನೂರು ಮೀಟರು ಅಂದರೆ ಎಲ್ಲಿಗೆ ಬರುತ್ತೆ?"

"ಆ ಸಿಗ್ನಲ್ಲಿಗೆ," ಎಂದ ಅವನು. "ನಿಮ್ಮ ದಾರದಲ್ಲಾದರೆ ಸಿಗ್ನಲ್ಲು ದಾಟಿ."

"ಅತ್ತಿಗೆ, ಅದೆಲ್ಲ ಆಮೇಲೆ," ಎಂದಳು ನಾದಿನಿ. "ಹತ್ತು ಅಂತ ಒತ್ತಲೋ ಬೇಡವೋ, ಅದನ್ನ ಹೇಳಿ. ಅಣ್ಣ ಕೂಡ ಫೋನು ಮಾಡಿ ಕೇಳ್ತಿದ್ದ, ನಾನು ಅವನಿಗೆ ಏನು..."

ಇವಳು ಆಗಲೇ ಮೆಟ್ಟಿಲಿಳಿದಿದ್ದಳು. ಕೊರಳಲ್ಲಿ ಟೇಪಿರಲಿಲ್ಲ, ಬೆರಳಲ್ಲಿ ಸೀಮೆಸುಣ್ಣದ ಪುಡಿ ಇತ್ತು. ಔಷಧಿ ಅಂಗಡಿಯವನು ತಲೆಯೆತ್ತಿ ಏನಾಯ್ತು ಎಂದ. ಅದಕ್ಕೂ ನಿಲ್ಲದೆ, ತುಟಿಯಲ್ಲೇ ಹೆಜ್ಜೆ ಎಣಿಸುತ್ತ, ಸಿಗ್ನಲ್ಲಿನ ಕಡೆಗೆ ನಡೆದಳು.