ಧೂಳೊರೆಸುವ ಬಟ್ಟೆ

ಸೂಕ್ಷ್ಮದರ್ಶಕದಲ್ಲಿ ಶಿಲೀಂಧ್ರ ನೋಡಿಯೇ ಹದಿನಾರು ವರ್ಷ ಅನ್ನ ತಿಂದವನು ನಾನು. ಬಹರೈನಿನ ಸಲ್ಮಾನಿಯಾದ ಲ್ಯಾಬೊಂದರಲ್ಲಿ ಕೆಲಸ. ಯಾರ ಉಗುರು, ಯಾರ ಚರ್ಮ ತಂದಿಟ್ಟರೂ ಅದರಲ್ಲಿರುವ ಶಿಲೀಂಧ್ರದ ಹೆಸರು ಹೇಳಬಲ್ಲೆ. ನನ್ನದೇ ಬಾಲ್ಕನಿಯ ಸೌತೆಬಳ್ಳಿಯ ಮೇಲೆ ಅದು ಬಂದು ಕುಳಿತಾಗ ಮಾತ್ರ ಧೂಳು ಅಂದುಕೊಂಡೆ.

ತಪ್ಪು ಪೂರ್ತಿ ನನ್ನದಲ್ಲ ಎಂದು ವಾದಿಸಿ ನೋಡುತ್ತೇನೆ. ಬಹರೈನಿನಲ್ಲಿ ಗಾಳಿ ಎದ್ದ ಮರುದಿನ ಕಾರು, ಕಿಟಕಿ, ಒಣಹಾಕಿದ ಅಂಗಿ, ಎಲ್ಲದರ ಮೇಲೂ ಬಿಳಿ ಪುಡಿ. ನಾವು ಕಾರಣ ಕೇಳುವುದಿಲ್ಲ, ಬಟ್ಟೆ ಹುಡುಕುತ್ತೇವೆ. ಹಾಗೇ ನಾನೂ ದಿನಾ ಬೆಳಿಗ್ಗೆ ಡ್ಯೂಟಿಗೆ ಹೊರಡುವ ಮುಂಚೆ ಒಂದೊಂದು ಎಲೆಯನ್ನೂ ಮಗುವಿನ ಮುಖದಂತೆ ಒರೆಸಿದೆ. ಹೆಂಡತಿ ಶಶಿಕಲಾ ಸೋಫಾ ಒರೆಸಲು ಹೇಳಿದಾಗ ಈ ಶ್ರದ್ಧೆ ಎಲ್ಲಿರುತ್ತದೋ!

ಶ್ರದ್ಧೆಗೆ ಕಾರಣವಿತ್ತು. ಪುತ್ತೂರಿನ ದೊಡ್ಡಮ್ಮ ಹೋದ ವರ್ಷ ತೀರಿಕೊಂಡರು. ಅವರ ಹಿತ್ತಿಲಿನ ಸೌತೆಯ ಬೀಜ ಉಳಿದದ್ದು ನನ್ನಲ್ಲಿ ಮಾತ್ರ, ಮಾತ್ರೆಯ ಡಬ್ಬಿಯೊಂದರಲ್ಲಿ, ಏಳೇ ಏಳು. ಮಹಾ ಬುದ್ಧಿವಂತನಾದ ನಾನು ಏಳನ್ನೂ ಒಟ್ಟಿಗೇ ಹಾಕಿದೆ. ಎರಡು ಹುಟ್ಟಿದವು. ಒಂದು ಕಾಯಿಯಾದರೂ ಬಳ್ಳಿಯಲ್ಲೇ ಹಣ್ಣಾಗಿದ್ದರೆ ಬೀಜ ಉಳಿಯುತ್ತಿತ್ತು.

ಎಲೆ ಹಳದಿಯಾದಾಗ ಗೊಬ್ಬರ ಕೇಳೋಣವೆಂದು ಒಂದನ್ನು ಕಿತ್ತು ಕೆಳಗಿಳಿದೆ. ಬುಸೈತೀನಿನ ನಮ್ಮ ಫ್ಲ್ಯಾಟಿನ ಕೆಳಗೇ ಬಂಟ್ವಾಳದ ಹಮೀದಾಕರ ತರಕಾರಿ ಅಂಗಡಿ. ಅವರು ಮೊದಲು ಎಲೆಯನ್ನು ಮಗುಚಿದರು. ಇಷ್ಟು ದಿನ ನನಗೆ ಹೊಳೆಯದೇ ಹೋದ ಕೆಲಸ ಅದು.

“ಇದು ಧೂಳಲ್ಲ ಮಾರಾಯ್ರೆ, ಬೂದಿ ರೋಗ. ಅಡಿಯಲ್ಲೂ ಉಂಟು ನೋಡಿ, ಚುಕ್ಕೆ ಚುಕ್ಕೆ. ಧೂಳು ಅಡಿಗೆ ಹೋಗಿ ಕೂರ್ತದಾ?”

“ನಾನು ದಿನಾ ಒರೆಸ್ತಿದ್ದೆ,” ಎಂದೆ.

“ಎಲ್ಲ ಎಲೆಗೂ ಒಂದೇ ಬಟ್ಟೆಯಾ?”

ಒಂದು ಸ್ಯಾಂಪಲ್ ಮುಟ್ಟಿದ ಗ್ಲೌಸಿನಲ್ಲಿ ಇನ್ನೊಂದನ್ನು ಮುಟ್ಟಬಾರದೆಂದು ಲ್ಯಾಬಿನಲ್ಲಿ ಹೊಸಬರಿಗೆ ಪಾಠ ಹೇಳುವವನು ನಾನೇ. ಎಲೆಯಿಂದ ಎಲೆಗೆ ರೋಗವನ್ನು ಕೈಯಾರೆ ಹಂಚಿದವನೂ ನಾನೇ. ಹಮೀದಾಕ ಒಮ್ಮೆ ನಕ್ಕುಬಿಟ್ಟಿದ್ದರೆ ಚೆನ್ನಾಗಿತ್ತು. ಅವರು ನಗಲಿಲ್ಲ.

ಔಷಧಿ ಹೊಡೆದೆ. ಹೊತ್ತು ಮೀರಿತ್ತು, ಎರಡೂ ಬಳ್ಳಿ ಒಣಗಿದವು. ಉಳಿದದ್ದು ಬೆರಳುದ್ದದ ಒಂದು ಮಿಡಿ. ಅದನ್ನು ಹಿಡಿದುಕೊಂಡು ಅಡುಗೆಮನೆಯಲ್ಲಿ ನಿಂತಾಗ ದೊಡ್ಡಮ್ಮ ಎರಡನೇ ಸಲ ತೀರಿಕೊಂಡಷ್ಟು ದುಃಖವಾಯಿತು.

“ಇನ್ನು ಇದರಲ್ಲಿ ಬೀಜ ಕಟ್ಟುದಿಲ್ಲ. ತಿಂದುಬಿಡಿ,” ಎಂದಳು ಶಶಿಕಲಾ, ಮೆಲ್ಲಗೆ.

ದೊಡ್ಡಮ್ಮ ಮಾಡುತ್ತಿದ್ದಂತೆ ತೊಟ್ಟಿನ ತುದಿ ಕೊಯ್ದು, ಕಹಿ ಬಿಡಲೆಂದು ಅದೇ ತುಂಡಿನಿಂದ ತಿಕ್ಕಿದೆ. ಬಿಳಿ ನೊರೆ ಬಂತು. ನನ್ನ ಕೈ ಆಗಲೇ ಬಟ್ಟೆಯತ್ತ ಹೊರಟಿತ್ತು. ಒರೆಸಿ ಒರೆಸಿ ಕೊಂದದ್ದು ಸಾಕೆಂದು, ನೊರೆಯ ಸಮೇತ, ಕಹಿಯ ಸಮೇತ ತಿಂದೆ.