ಮಿಕ್ಸಿಗೆ ಕುಣಿದ ದೀಪಗಳು

ನಾನು ಓದು ನಿಲ್ಲಿಸಿದ್ದು ೧೯೯೩ರಲ್ಲಿ. ಕಾಸರಗೋಡಿನ ಕನ್ನಡ ಶಾಲೆಯ ಒಂಬತ್ತನೇ ತರಗತಿ. ವಿಜ್ಞಾನದ ಪುಸ್ತಕದಲ್ಲಿ ‘ಶಬ್ದ’ದ ಪಾಠ ಮುಗಿದು ‘ಬೆಳಕು’ ಇನ್ನೇನು ಶುರುವಾಗಬೇಕು, ಅಷ್ಟರಲ್ಲಿ ಮಾವ ನನ್ನನ್ನು ಕೊಚ್ಚಿಯ ರೈಲು ಹತ್ತಿಸಿದರು. ಹಾಗಾಗಿ ಬೆಳಕಿನ ಬಗ್ಗೆ ನನಗೆ ಗೊತ್ತಿರುವುದೆಲ್ಲ ಶಾಕ್ ಹೊಡೆಸಿಕೊಂಡು ಕಲಿತದ್ದು. ನಾಚಿಕೆಯಿಂದ ಹೇಳುತ್ತಿಲ್ಲ. ಮಟ್ಟಾಂಚೇರಿಯಲ್ಲಿ ಇವತ್ತು ನನ್ನದೇ ಮೋಟಾರ್ ವೈಂಡಿಂಗ್ ಅಂಗಡಿಯಿದೆ. ಪಕ್ಕದ ಗೋದಾಮಿನ ಒಣಶುಂಠಿಯ ಘಾಟು, ನನ್ನ ವಾರ್ನಿಶಿನ ಘಾಟು ಎರಡನ್ನೂ ಒಟ್ಟಿಗೆ ಉಸಿರಾಡಿಯೇ ನಾನು ಮನುಷ್ಯನಾದೆ. ಸುಟ್ಟು ಕರಕಲಾದ ಫ್ಯಾನನ್ನು ತಂದು ಕೊಡಿ, ತಿರುಗಿಸದೆ ವಾಪಸು ಕಳಿಸಿದರೆ ಕೇಳಿ.

ಇಂಥವನಿಗೆ ಈ ವಯಸ್ಸಿನಲ್ಲಿ ಹಾಡಿಗೆ ಕುಣಿಯುವ ದೀಪ ಮಾಡಬೇಕೆಂಬ ಹುಚ್ಚು ಹಿಡಿಯಿತು. ಕಾರಣ ನನ್ನ ಹೆಂಡತಿ ವನಜ.

ವನಜ ಹಾಡುತ್ತಾಳೆ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು, ಕೇಳಿದವರು ಮಾತ್ರ ಯಾರೂ ಇಲ್ಲ. ಅವಳು ಹಾಡುವುದು ಮಿಕ್ಸಿ ತಿರುಗುವಾಗ ಮಾತ್ರ. ಮಿಕ್ಸಿ ನಿಂತರೆ ಹಾಡೂ ನಿಂತಿತು. ಹೀಗಿರುವಾಗ ತಿರುವನಂತಪುರದ ಕನ್ನಡಿಗರ ವಾರ್ಷಿಕ ಕೂಟದ ಸಂಚಾಲಕರು, ಬ್ಯಾಂಕಿನಿಂದ ನಿವೃತ್ತರಾದ ಭಟ್ಟರು, ಫೋನು ಮಾಡಿ “ವನಜಕ್ಕ ಈ ಸಲ ಒಂದು ಪದ ಹೇಳಲೇಬೇಕು ಮಾರಾಯ್ರೆ, ಹಾಡುವ ಜನ ಇಲ್ಲ” ಎಂದರು. ವನಜ ಅಡುಗೆಮನೆಯಿಂದಲೇ ಕೈಯಾಡಿಸಿದಳು.

“ಅಷ್ಟು ಜನ ನನ್ನ ಮುಖವೇ ನೋಡ್ತಾ ಕೂತರೆ ಗಂಟಲು ಕಟ್ಟಿಹೋಗ್ತದೆ. ಆಗುವ ಮಾತಲ್ಲ.”

“ಅವರು ಬೇರೆ ಏನನ್ನಾದರೂ ನೋಡುವ ಹಾಗೆ ಮಾಡಿದರೆ?” ಎಂದೆ.

“ಹಾಗಾದ್ರೆ ನೋಡುವ” ಎಂದಳು. ನಿಜಕ್ಕೂ ಅವಳಿಗೆ ಆಸೆಯಿತ್ತು. ಆಸೆ ಇಲ್ಲದಿದ್ದರೆ ಅವಳು ‘ನೋಡುವ’ ಎನ್ನುವವಳಲ್ಲ, ‘ಸುಮ್ಮನಿರಿ’ ಎನ್ನುವವಳು.

ಆ ಸಂಜೆಯೇ ಕೆಲಸ ಶುರು. ಎಲ್‌ಇಡಿ ಪಟ್ಟಿಗಳು, ಒಂದು ಪವರ್ ಸಪ್ಲೈ, ಬೆರಳಿನುಗುರಿನಷ್ಟು ಮೈಕು ಕೂತಿರುವ ಒಂದು ಚಿಕ್ಕ ಬೋರ್ಡು. ಶಬ್ದ ಬಿದ್ದರೆ ಮೈಕು ಕೇಳಿ ದೀಪಗಳಿಗೆ ಹೇಳುತ್ತದೆ, ದೀಪಗಳು ಏಳುತ್ತವೆ. ಎಷ್ಟು ಸಣ್ಣ ಶಬ್ದಕ್ಕೆ ಏಳಬೇಕೆಂದು ತೀರ್ಮಾನಿಸಲು ಬೋರ್ಡಿನ ಮೇಲೊಂದು ಹಿತ್ತಾಳೆಯ ಸ್ಕ್ರೂ. ಬೆಸುಗೆ ಹಾಕುತ್ತಿದ್ದಾಗ ನನಗೊಂದು ದೊಡ್ಡ ವಿಚಾರ ಹೊಳೆಯಿತು. ದೇವರು ಮೊದಲು ಮಿಂಚನ್ನು ಕಳಿಸುತ್ತಾನೆ, ಗುಡುಗು ಆಮೇಲೆ ಬರುತ್ತದೆ. ನನ್ನ ಯಂತ್ರದಲ್ಲಿ ಗುಡುಗು ಮೊದಲು, ಮಿಂಚು ಆಮೇಲೆ! ಸೃಷ್ಟಿಯ ಕ್ರಮವನ್ನೇ ಮಟ್ಟಾಂಚೇರಿಯ ಬೆಂಚಿನ ಮೇಲೆ ತಿರುವಿ ಹಾಕಿದ್ದೆ. ನನ್ನ ಶಾಲೆಯ ಪುಸ್ತಕವೂ ಇದೇ ಕ್ರಮದಲ್ಲಿತ್ತಲ್ಲ ಎಂದು ನೆನಪಾಗಿ, ಉಳಿದುಹೋದ ಪಾಠವನ್ನು ಈಗ ಮುಗಿಸುತ್ತಿದ್ದೇನೆ ಎಂಬಷ್ಟು ಹುರುಪು ಬಂತು.

ಮೊದಲ ದಿನ ಗೋಡೆಗೆ ಪಟ್ಟಿ ಅಂಟಿಸಿ ಸ್ವಿಚ್ಚು ಹಾಕಿದಾಗ ನಾನು ಎದ್ದು ಕುಣಿದದ್ದು ಸುಳ್ಳಲ್ಲ. ದೀಪಗಳೂ ಕುಣಿದವು. ಆದರೆ ಅವಕ್ಕೆ ಸಂಗೀತವೇ ಬೇಕೆಂದೇನೂ ಇರಲಿಲ್ಲ. ಜೆಟ್ಟಿಗೆ ಬಂದ ಬೋಟಿನ ಇಂಜಿನ್ನಿಗೆ ಕುಣಿದವು. ಕಾಗೆಗೆ ಕುಣಿದವು. ಪಕ್ಕದ ಮನೆಯ ಅಕ್ಕ, ನಮ್ಮ ಓಣಿಗೆಲ್ಲ ‘ಚೇಚಿ’, ಮೀನಿನವನೊಡನೆ ಜಗಳಾಡಿದಾಗಂತೂ ನೆಲದಿಂದ ಮಾಡಿನವರೆಗೆ ಕೆಂಪು. ವನಜ ಮಿಕ್ಸಿ ಹಾಕಿದಾಗ ನಮ್ಮ ಮನೆಯ ತೆಂಗಿನಕಾಯಿ ಚಟ್ನಿ ಯಾವ ರಾಜನ ಮದುವೆಗೂ ಕಡಿಮೆಯಿಲ್ಲದ ವೈಭವದಲ್ಲಿ ತಯಾರಾಯಿತು.

“ನಿಮ್ಮ ದೀಪಕ್ಕೆ ಮಾನ ಮರ್ಯಾದೆ ಉಂಟಾ?” ಎಂದಳು ವನಜ.

ಮರ್ಯಾದೆ ಕಲಿಸಲು ಸ್ಕ್ರೂ ಬಿಗಿದೆ. ಬೋಟು ಹೋಯಿತು, ಕಾಗೆ ಹೋಯಿತು, ಚೇಚಿಯೂ ಹೋದಳು. ಇನ್ನು ವನಜಳ ದನಿಗೆ ಸರಿಮಾಡಬೇಕು. ಹಾಡು ಎಂದರೆ ಹಾಡುವವಳಲ್ಲ. ಅದಕ್ಕೊಂದು ಉಪಾಯ ಮಾಡಿದೆ. ಬೋರ್ಡಿನ ಮುಂದೆ ಕೂತು “ವನಜಾ, ನನ್ನ ಟೆಸ್ಟರ್ ಎಲ್ಲಿ ಬಿಸಾಡಿದ್ದಿ?” ಎಂದು ಕೂಗಿದೆ. ಒಳಗಿನಿಂದ ಉತ್ತರ ಬಂತು. ಪೂರ್ತಿ ಉತ್ತರ, ನನ್ನ ಅಮ್ಮನ ಮನೆಯವರ ವಿಚಾರವೂ ಸೇರಿದಂತೆ. ದೀಪಗಳು ತಾಳಬದ್ಧವಾಗಿ ಏರಿ ಇಳಿದವು. ಅದೇ ಅಳತೆಗೆ ಸ್ಕ್ರೂ ನಿಲ್ಲಿಸಿ, ಮೇಲೊಂದು ಹನಿ ಗೋಂದು ಹಾಕಿದೆ. ಇಷ್ಟು ವರ್ಷ ಕೇಳಿದ ದನಿ, ನನಗೆ ಗೊತ್ತಿಲ್ಲವೇ?

ಕೂಟದ ದಿನ ತಿರುವನಂತಪುರದಲ್ಲಿ ರೈಲಿಳಿದು ನೋಡಿದರೆ, ಯಾರದೋ ಸೂಟ್‌ಕೇಸು ಕೂತು ಒಂದು ಪಟ್ಟಿ ಚಪ್ಪಟೆ. ಅಲ್ಲಿಯೇ ಕಾಲೇಜಿನಲ್ಲಿ ಓದುವ ಮಗಳು ಶ್ರುತಿ ನನ್ನನ್ನು ಚಾಲೈ ಪೇಟೆಗೆ ಎಳೆದುಕೊಂಡು ಹೋದಳು. ನಾನು ಕನ್ನಡದಲ್ಲಿ ಕೇಳುವುದು, ಅವಳು ಮಲಯಾಳದಲ್ಲಿ ಉತ್ತರಿಸುವುದು ನಮ್ಮ ಪದ್ಧತಿ. ನಾನು ಅವಳಿಗೆ ಅಪ್ಪನಲ್ಲ, ‘ಅಚ್ಛನ್’.

“ಅಚ್ಛಾ, ಅಮ್ಮ ಪಾಡುಮೋ?” ಎಂದಳು, ಹೊಸ ಪಟ್ಟಿಯನ್ನು ಚೀಲಕ್ಕೆ ಹಾಕುತ್ತ.

“ಹಾಡ್ತಾಳೆ. ದೀಪ ಇದ್ದರೆ ಹಾಡ್ತಾಳೆ.”

“ದೀಪ ಇಲ್ಲದಿದ್ದರೆ?” ಎಂದಳು, ಅಪರೂಪಕ್ಕೆ ಕನ್ನಡದಲ್ಲೇ. ನಾನು ಅಂಗಡಿಯವನಿಗೆ ದುಡ್ಡು ಎಣಿಸಿದೆ.

ಸಂಜೆ ವೇದಿಕೆಯ ಹಿಂದಿನ ಪರದೆಗೆ ಪಟ್ಟಿಗಳನ್ನು ಕಟ್ಟಿ, ಬೋರ್ಡನ್ನು ಅದರ ಬುಡದಲ್ಲಿಟ್ಟು, ಭಟ್ಟರಿಗೆ ಹೇಳಿದೆ, “ಹಾಲ್‌ನ ಲೈಟೆಲ್ಲ ಆಫ್ ಮಾಡಿ. ಉಳಿದದ್ದು ನನಗೆ ಬಿಡಿ.” ಆ ಮಾತನ್ನು ಎಷ್ಟು ಗತ್ತಿನಿಂದ ಹೇಳಿದೆನೆಂದರೆ ಅವರು ಮೈಕಿನಲ್ಲಿ ಅದನ್ನೇ ಘೋಷಿಸಿಬಿಟ್ಟರು. ಲೈಟು ಆರಿತು. ಗವ್ವೆನ್ನುವ ಕತ್ತಲು.

ವನಜ ಹಾಡಲು ತೊಡಗಿದಳು. ಅಜ್ಜಿಯಿಂದ ಕಲಿತ ಜೋಗುಳ.

ಒಂದು ದೀಪವೂ ಏಳಲಿಲ್ಲ.

ಬಯ್ಯುವ ದನಿಗೆ ಅಳೆದ ಸ್ಕ್ರೂ, ಹಾಡುವುದು ಜೋಗುಳ! ಸ್ಪೀಕರುಗಳೋ, ಸಭೆಯ ಕಡೆಗೆ ಮುಖ ಮಾಡಿ ನನ್ನ ಬೋರ್ಡಿಗೆ ಬೆನ್ನು ಹಾಕಿದ್ದವು. ಸ್ಕ್ರೂಡ್ರೈವರ್ ಬಾಯಲ್ಲಿ ಕಚ್ಚಿ, ಪರದೆಯ ಹಿಂದೆ ಅಂಬೆಗಾಲಿಟ್ಟು ಹೋದೆ. ಇನ್ನೊಂದು ಕ್ಷಣಕ್ಕೆ ಅವಳ ಗಂಟಲು ಕಟ್ಟುತ್ತದೆ, ಇನ್ನೆಂದೂ ಹಾಡುವುದಿಲ್ಲ. ತಪ್ಪು ನನ್ನದು. ತಡಕಾಡಿ ಬೋರ್ಡು ಹಿಡಿದೆ, ಉಗುರಿನಿಂದ ಗೋಂದು ಕೆರೆದೆ, ಸ್ಕ್ರೂವಿನ ತಲೆಗೆ ಮೊನೆ ಇಟ್ಟೆ.

ಆಗ ಕೇಳಿಸಿತು. ಅಷ್ಟು ಹೊತ್ತು ಕಿವಿಗೆ ಬೀಳುತ್ತಿತ್ತು, ಕೇಳಿಸಿದ್ದು ಆಗ. ದನಿ ಕಟ್ಟಿರಲಿಲ್ಲ. ಎರಡನೇ ನುಡಿಗೆ ಬಂದಿದ್ದಳು, ದನಿ ಬಿಚ್ಚಿಕೊಳ್ಳುತ್ತಿತ್ತು. ಮಿಕ್ಸಿಯ ಅಡಿಯಲ್ಲಿ ಇಷ್ಟು ವರ್ಷ ಇದು ಇತ್ತೇ? ಕತ್ತಲಲ್ಲಿ ಅವಳಿಗೆ ಯಾರ ಮುಖವೂ ಕಾಣುತ್ತಿರಲಿಲ್ಲ, ಅವಳ ಮುಖವೂ ಯಾರಿಗೂ ಕಾಣುತ್ತಿರಲಿಲ್ಲ. ಅವಳಿಗೆ ಬೇಕಾದದ್ದು ಅಷ್ಟೇ ತಾನೇ? ಈಗ ಸ್ಕ್ರೂ ತಿರುಗಿಸಿದರೆ ನನ್ನ ದೀಪಗಳು ಕುಣಿಯುತ್ತವೆ, ನನ್ನ ಮಾನ ಉಳಿಯುತ್ತದೆ, ಎದುರು ಕೂತ ಅಷ್ಟೂ ಮುಖಗಳು ಅವಳಿಗೆ ಕಾಣಿಸುತ್ತವೆ.

ಕೈ ತೆಗೆದೆ. ಪರದೆಯ ಹಿಂದೆ ನೆಲದ ಮೇಲೆ ಕೂತು ಕೇಳಿದೆ.

ಹಾಡು ಮುಗಿಯಿತು. ಚಪ್ಪಾಳೆ ಬಿತ್ತು. ಆ ಸದ್ದಿಗೆ ನನ್ನ ದೀಪಗಳೆಲ್ಲ ಒಮ್ಮೆಲೇ ಎದ್ದವು. ನೀಲಿ, ಹಸಿರು, ಕೆಂಪು! ಜನ ತಟ್ಟಿದಷ್ಟೂ ಏರಿದವು, ಏರಿದಷ್ಟೂ ಜನ ತಟ್ಟಿದರು. ಆ ಬೆಳಕಿನಲ್ಲಿ ವನಜ ಮೊದಲ ಬಾರಿಗೆ ಸಭೆಯನ್ನು ನೋಡಿದಳು, ಸಭೆ ಅವಳನ್ನು. ಮುಂದಿನ ಸಾಲಿನಲ್ಲಿ ಶ್ರುತಿ ನಿಂತು ಶಿಳ್ಳೆ ಹೊಡೆಯುತ್ತಿದ್ದಳು, ಯಾವ ಭಾಷೆಯಲ್ಲೂ ಅಲ್ಲದೆ.

ಭಟ್ಟರು ಓಡಿಬಂದು ಕೈ ಹಿಡಿದರು. “ಎಂತ ತಲೆ ಮಾರಾಯ್ರೆ ನಿಮ್ಮದು! ಹಾಡಿಗೆ ಕತ್ತಲೆ, ಚಪ್ಪಾಳೆಗೆ ಬೆಳಕು!” ನಾನು ಮೀಸೆ ಮಾತ್ರ ತಿರುವಿದೆ.

ಮರುದಿನ ಕೊಚ್ಚಿಯ ರೈಲಿನಲ್ಲಿ ವನಜ ಕಿಟಕಿಯ ಕಡೆ ನೋಡುತ್ತಲೇ ಕೇಳಿದಳು.

“ಸ್ಕ್ರೂ ಜಾಸ್ತಿ ಬಿಗಿ ಮಾಡಿದ್ದಿರಲ್ಲ?”

“ಹೂಂ.”

“ಹಾಗೇ ಇರಲಿ.”

ಹಾಗೇ ಇದೆ. ಈಗ ನನ್ನ ಹತ್ತಿರ ಇರುವುದು ಒಂದು ಅಂಗಡಿ, ಎರಡು ಬೆಂಚು, ಎರಡು ಭಾಷೆಯ ಒಬ್ಬಳು ಮಗಳು, ಆರು ಪಟ್ಟಿ ದೀಪ, ಅದರಲ್ಲಿ ಒಂದು ಚಪ್ಪಟೆ, ಮತ್ತು ಮಿಕ್ಸಿ ನಿಂತ ಮೇಲೂ ಹಾಡು ನಿಲ್ಲಿಸದ ಒಬ್ಬಳು ಹೆಂಡತಿ.