ಗಫಾರ್ ಚಾಚಾರ ಬೆಂದ ಕೈ

ಗಫಾರ್ ಚಾಚಾ ಕುದಿಯುವ ನೀರಿನಲ್ಲಿ ಬೆರಳಾಡಿಸುತ್ತ ನಮ್ಮೂರಿನ ಮಳೆ ಬೆಳೆ ವಿಚಾರಿಸುತ್ತಿದ್ದರು. ನೂಲು ತೆಗೆಯುವ ಚರಕದ ಮುಂದಿನ ಬಾಣಲೆಯಲ್ಲಿ ರೇಷ್ಮೆಗೂಡು ಬೇಯುತ್ತಿರುತ್ತಿತ್ತು. ಹತ್ತಿರ ನಿಂತರೆ ಆವಿ ಮುಖಕ್ಕೆ ರಾಚುತ್ತಿತ್ತು. ಶೆಡ್ಡಿನಲ್ಲಿ ಉಳಿದವರು ಎಳೆ ಹಿಡಿಯಲು ಬೆರಳನ್ನು ನೀರಿಗೆ ಅದ್ದಿದ ಮರುಕ್ಷಣವೇ ಪಕ್ಕದ ತಣ್ಣೀರಿನ ಬಟ್ಟಲಿಗೆ ಹಾಕಿಕೊಳ್ಳುತ್ತಿದ್ದರು. ಚಾಚಾರ ಪಕ್ಕದಲ್ಲಿ ಮಾತ್ರ ಅಂಥ ಬಟ್ಟಲು ಇರಲಿಲ್ಲ. ಅವರು ಮಣಿಕಟ್ಟಿನವರೆಗೂ ಕೈ ಇಳಿಸಿ, ಮುಳುಗಿದ ಗೂಡನ್ನು ಹುಡುಕಿ ಎತ್ತಿ, ನನ್ನತ್ತ ತಿರುಗಿ, "ಕುದೂರ್ ಕಡೆ ರಾಗಿ ಎಂಗೈತಮ್ಮ ಈ ಸಲ?" ಎನ್ನುತ್ತಿದ್ದರು. ನೋಡುತ್ತಿದ್ದ ನನಗೇ ಕೈ ಚುರುಗುಟ್ಟುತ್ತಿತ್ತು.

ಸಣಕಲು ಆಳು. ಮೆಹಂದಿ ಹಚ್ಚಿದ ಗಡ್ಡ, ಮೊಣಕಾಲಿನ ಮೇಲಕ್ಕೆ ಮಡಚಿ ಕಟ್ಟಿದ ಲುಂಗಿ, ಬಾಯಿ ತುಂಬ ಮಾತು. ರಾಮನಗರದ ಆ ಓಣಿಯಲ್ಲಿ ನೂಲು ತೆಗೆಯಲು ಹೊಸದಾಗಿ ಯಾರೇ ಬರಲಿ, ಮೊದಲು ಚಾಚಾರ ಮುಂದೆ ಕೈ ಚಾಚಬೇಕು. ಅವರು ಅಂಗೈ ತಿರುಗಿಸಿ, ಬೆರಳ ತುದಿ ಒತ್ತಿ, ವರನ ಜಾತಕ ನೋಡುವ ಗತ್ತಿನಲ್ಲಿ ತೀರ್ಪು ಕೊಡುತ್ತಿದ್ದರು. "ಹಸಿ ಕೈ ಕಣಪ್ಪ ಇದು. ಇನ್ನೂ ಅಳ್ತೈತೆ. ಒಸಿ ಬೇಯ್ಲಿ ಬುಡು." ವರ್ಷಗಟ್ಟಲೆ ದುಡಿದು, ಬಿಸಿಗೆ ಮುಖ ಹಿಂಡದೆ ಕೂರುವ ಕಾಲ ಬಂದಾಗ, ಎಲ್ಲರ ಮುಂದೆ ಕರೆದು ಬೆನ್ನು ತಟ್ಟುತ್ತಿದ್ದರು. "ಇದು ಬೆಂದ ಕೈ. ಇನ್ನು ಇವನ ನೂಲು ನೋಡಿ!" ಆ ಓಣಿಯಲ್ಲಿ ಅದಕ್ಕಿಂತ ದೊಡ್ಡ ಬಿರುದು ಇರಲಿಲ್ಲ. ಹೆಣ್ಣು ನೋಡಲು ಹೋದ ಕಡೆಯಲ್ಲೂ ಆ ಮಾತು ಕೆಲಸಕ್ಕೆ ಬರುತ್ತಿತ್ತಂತೆ.

ನಾನು ಆ ಓಣಿಗೆ ಹೋದದ್ದು ರೇಷ್ಮೆ ನೋಡಲಿಕ್ಕಲ್ಲ. ಸಕ್ಕರೆ ಕಾಯಿಲೆ ಕೈಕಾಲಿನ ನರಗಳನ್ನು ಹೇಗೆ ಕೊಲ್ಲುತ್ತದೆ, ಅದನ್ನು ಬೇಗ ಪತ್ತೆ ಹಚ್ಚುವುದು ಹೇಗೆ ಎಂಬ ಸಂಶೋಧನೆಯೊಂದು ನಮ್ಮ ಆಸ್ಪತ್ರೆಯಲ್ಲಿ ನಡೆಯುತ್ತಿತ್ತು. ಅದನ್ನು ನಡೆಸುತ್ತಿದ್ದವರು ಡಾಕ್ಟರ್ ವೀಣಾ ಮೇಡಂ. ನರ್ಸಿಂಗ್ ಓದಿದ ನಾನು ಊರೊಳಗೆ ತಿರುಗಿ ಪರೀಕ್ಷೆ ಮಾಡುವವಳು. ಚನ್ನಪಟ್ಟಣದಿಂದ, ಮಾಗಡಿಯಿಂದ ಬರುವ ರೋಗಿಗಳು ಪಾದ ಜುಮುಜುಮು ಅನ್ನುವಾಗಲೇ ಬರುತ್ತಿದ್ದರು. ನೂಲಿನ ಓಣಿಯವರು ಮಾತ್ರ ಹುಣ್ಣು ಕೊಳೆತು, ಬೆರಳು ಕಪ್ಪಾದ ಮೇಲೆಯೇ ಬರುತ್ತಿದ್ದರು. "ಯಾಕೆ ಇಷ್ಟು ತಡ ಮಾಡ್ತಾರೆ ಇವರು? ಭಯಾನಾ, ಅಸಡ್ಡೆನಾ? ಹೋಗಿ ನೋಡಿಕೊಂಡು ಬಾ," ಎಂದು ಮೇಡಂ ನನ್ನನ್ನು ಅಟ್ಟಿದರು.

ಓಣಿಯ ಹಿರಿಯರು ಒಪ್ಪದಿದ್ದರೆ ಯಾರೂ ಕೈ ಕೊಡುವುದಿಲ್ಲ ಎಂದು ಚಹಾ ಅಂಗಡಿಯಲ್ಲೇ ಹೇಳಿದ್ದರು. ಹಾಗಾಗಿ ಮೊದಲು ಚಾಚಾರ ಬಳಿಗೇ ಹೋದೆ. ನನ್ನ ಚೀಲದಲ್ಲಿದ್ದ ನೈಲಾನ್ ಎಳೆಯನ್ನು ನೋಡಿ ಅವರು ಗಹಗಹಿಸಿ ನಕ್ಕರು. "ಇದೇನಮ್ಮ, ಮೀನ್ ಹಿಡಿಯಾಕ್ ಬಂದಿದ್ದೀಯಾ?" ಚರ್ಮಕ್ಕೆ ಆ ಎಳೆಯ ತುದಿ ತಾಗಿಸಿದರೆ ಆರೋಗ್ಯವಂತರಿಗೆ ತಕ್ಷಣ ತಿಳಿಯುತ್ತದೆ ಎಂದು ವಿವರಿಸಿದೆ. ಕಣ್ಣು ಮುಚ್ಚಿ, ತಾಗಿದಾಗ ಹೇಳಿ ಅಂದೆ. ಚಾಚಾ ನಮಾಜಿಗೆ ಕೂತಷ್ಟು ಶ್ರದ್ಧೆಯಿಂದ ಕಣ್ಣು ಮುಚ್ಚಿದರು. ನಾನು ಹತ್ತೂ ಬೆರಳಿಗೆ ತಾಗಿಸಿದೆ. ಅಂಗೈಗೆ ತಾಗಿಸಿದೆ. ಬಿಸಿನೀರು ತುಂಬಿದ ಗಾಜಿನ ನಳಿಕೆ ಇಟ್ಟೆ, ತಣ್ಣೀರಿನದೂ ಇಟ್ಟೆ.

"ಶುರು ಮಾಡಮ್ಮ, ಎಷ್ಟೊತ್ತು?" ಅಂದರು ಚಾಚಾ.

"ಮುಗೀತು ಚಾಚಾ."

ಶೆಡ್ಡಿಗೆ ಶೆಡ್ಡೇ ನಕ್ಕಿತು. ಚಾಚಾ ಕಣ್ಣು ಬಿಟ್ಟು, ಎರಡೂ ಕೈ ಮೇಲೆತ್ತಿ ಎಲ್ಲರಿಗೂ ತೋರಿಸಿದರು. "ನೋಡ್ದ್ರಾ? ಬೆಂದ ಕೈ ಅಂದ್ರೆ ಇದು! ಪಾಸ್ ಅಂತ ಬರ್ಕೋ ಕುದೂರಮ್ಮ." ಅಂದಿನಿಂದ ನನಗೆ ಅದೇ ಹೆಸರಾಯಿತು. ಬೆರಳು ಚುಚ್ಚಿ ರಕ್ತ ನೋಡಿದೆ, ಸಕ್ಕರೆ ವಿಪರೀತ ಇತ್ತು. ಅದಕ್ಕೂ ಅವರ ಬಳಿ ಉತ್ತರ ಸಿದ್ಧವಿತ್ತು. "ಶುಗರಾ? ಅದು ನಮ್ ಓಣಿಲಿ ಎಲ್ರಿಗೂ ಐತೆ ಬೇಟಿ. ನೆಪ್ಪಾದಾಗ ಮಾತ್ರೆ ನುಂಗ್ತೀನಿ." ಎಲ್ಲರೂ ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಇವರು ಯಾಕೆ ತಡವಾಗಿ ಬರುತ್ತಾರೆ ಎಂಬ ಮೇಡಂ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತ್ತು. ಬೇರೆ ಊರಿನವರು ಸ್ಪರ್ಶ ಹೋದರೆ ರೋಗ ಎಂದುಕೊಳ್ಳುತ್ತಾರೆ, ಇಲ್ಲಿ ಅದಕ್ಕೆ ಬೆನ್ನು ತಟ್ಟುತ್ತಾರೆ.

ಆಸ್ಪತ್ರೆಗೆ ಮರಳಿ ಇದನ್ನೆಲ್ಲ ಮೇಡಂಗೆ ಹೇಳಿದೆ. ಬಿಸಿನೀರಿನಲ್ಲಿ ಬೆಂದು ಚರ್ಮ ಜಡ್ಡುಗಟ್ಟಿದೆ, ಅಷ್ಟೇ ಅಂತಾರೆ ಅವರು, ಅಂದೆ.

"ಇರಬಹುದು," ಅಂದರು ಮೇಡಂ. "ಕೈ ಬಿಸಿನೀರಿಗೆ ಹೋಗಿತ್ತು, ಸರಿ. ಕಾಲು ಯಾವ ನೀರಿಗೆ ಹೋಗಿತ್ತು? ಸಕ್ಕರೆಗೆ ಮೊದಲು ಸಾಯೋದು ಉದ್ದದ ನರ. ಅಂದರೆ ಪಾದದ್ದು. ಅದು ಕೈಗೆ ಏರೋ ಹೊತ್ತಿಗೆ ಮೊಣಕಾಲವರೆಗೂ ಹೋಗಿರುತ್ತೆ. ಅವರ ಕಾಲು ನೋಡು."

ಹೇಳುವುದು ಸುಲಭ. ಚಾಚಾ ಕಾಲು ತೋರಿಸಲು ಸುತರಾಂ ಒಪ್ಪಲಿಲ್ಲ. "ಕಾಲ್ ಮುಟ್ಟಿಸ್ಕೊಳ್ಳೋದು ನಮ್ಮಲ್ಲಿಲ್ಲ ಬೇಟಿ. ಅದೂ ಮನೆ ಮಗಳಂಗಿರೋ ನಿನ್ ಕೈಲಿ? ತೋಬಾ ತೋಬಾ." ಆಸ್ಪತ್ರೆಗಾದರೂ ಬನ್ನಿ, ಗಂಡಸರೇ ನೋಡುತ್ತಾರೆ ಅಂದರೆ ಗೂಡಿನ ಮಾರುಕಟ್ಟೆ, ಬೆಂಕಿ, ನೂಲು, ಒಂದಲ್ಲ ಒಂದು ನೆಪ. ನನಗೋ ಮೂಗಿನ ತುದಿಯಲ್ಲೇ ಕೋಪ. ಒಂದು ದಿನ ತಡೆಯಲಾರದೆ, "ನಿಮ್ಮ ಮರ್ಯಾದೆ ಕಟ್ಟಿಕೊಂಡು ಏನ್ ಮಾಡ್ಲಿ ಚಾಚಾ, ಕಾಲು ಹೋದ ಮೇಲೆ ಅದನ್ನ ಎಲ್ಲಿ ನಿಲ್ಲಿಸ್ತೀರಿ?" ಎಂದುಬಿಟ್ಟೆ. ಅವರು ಸಿಟ್ಟಾಗಲಿಲ್ಲ. ಮಗಳಿಗೆ, "ಕುದೂರಮ್ಮಂಗೆ ಚಾ ಕೊಡು, ಒಸಿ ಸಕ್ಕರೆ ಜಾಸ್ತಿ ಹಾಕು, ಬಾಯ್ ಕಹಿಯಾಗೈತೆ" ಎಂದರು.

ಆ ಮಗಳೇ ಶಬಾನಾ. ಗಂಡ ಬಿಡದಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಅವಳು ತವರಿಗೆ ಹತ್ತಿರವೇ ಮನೆ ಮಾಡಿಕೊಂಡು ಅಪ್ಪನ ಪಕ್ಕದ ಚರಕದಲ್ಲಿ ನೂಲು ತೆಗೆಯುತ್ತಿದ್ದಳು. ಮಾತು ಕಡಿಮೆ. ಮನೆಯ ಮಾತು ಉರ್ದುವಾದರೂ ನನ್ನೆದುರು ಅಪ್ಪ ಮಗಳು ಕನ್ನಡದಲ್ಲೇ ಆಡಿಕೊಳ್ಳುತ್ತಿದ್ದರು. ಬಂದವರಿಗೆ ತಿಳಿಯದ ಭಾಷೆ ಆಡಬಾರದು ಎಂಬುದು ಚಾಚಾರ ಕಟ್ಟಳೆ. ಓಣಿಯಲ್ಲಿ ಅಷ್ಟು ಚಿಕ್ಕ ವಯಸ್ಸಿಗೆ ಬೆಂದ ಕೈ ಅನ್ನಿಸಿಕೊಂಡವಳು ಅವಳೊಬ್ಬಳೇ. ಚಾಚಾ ಬಂದವರಿಗೆಲ್ಲ ಅದನ್ನು ಹೇಳಿಕೊಳ್ಳುತ್ತಿದ್ದರು. "ಮದ್ವೆಗ್ ಮುಂಚೇನೇ ಬೆಂದೋಯ್ತು ಇವಳ ಕೈ. ನನ್ ರಕ್ತ ಕಣಮ್ಮ." ಶಬಾನಾ ತಲೆ ಎತ್ತದೆ ಎಳೆ ಜೋಡಿಸುತ್ತಿದ್ದಳು.

ಆ ದಿನ ನಾನು ಬೇರೆಯವರ ಪರೀಕ್ಷೆ ಮುಗಿಸಿ ಚಾಚಾರ ಬಳಿ ಕೂತಿದ್ದೆ. ಅವರು ಬಾಣಲೆಯ ಪಕ್ಕ ಬರಿಗಾಲಲ್ಲಿ ನಿಂತು, ಹಳದಿ ಗೂಡಿಗೂ ಬಿಳಿ ಗೂಡಿಗೂ ಏನು ವ್ಯತ್ಯಾಸ ಎಂದು ಕೈ ಬೀಸಿ ವಿವರಿಸುತ್ತಿದ್ದರು. ಒಲೆಯಲ್ಲಿ ಸೌದೆ ಕುಸಿದು ಕೆಂಡವೊಂದು ಹೊರಗುರುಳಿತ್ತು. ಯಾರೂ ನೋಡಿರಲಿಲ್ಲ. ಬೆಂದ ಗೂಡಿನ ನಾತಕ್ಕೆ ನನ್ನ ಮೂಗು ಆಗಲೇ ಒಗ್ಗಿತ್ತು, ಆದರೆ ಇದು ಬೇರೆ ವಾಸನೆ. ನಾನು ಅತ್ತಿತ್ತ ನೋಡುವಷ್ಟರಲ್ಲಿ ಶಬಾನಾ ಚೀರಿ ಎದ್ದಳು. ಅಪ್ಪನ ಹಿಮ್ಮಡಿ ಕೆಂಡದ ಮೇಲಿತ್ತು. ಹೊಗೆಯಾಡುತ್ತಿತ್ತು. ಚಾಚಾ ಇನ್ನೂ ಬಿಳಿ ಗೂಡಿನ ವಿಷಯ ಹೇಳುತ್ತಿದ್ದರು.

ಮಗಳು ಎಳೆದ ಮೇಲೆಯೇ ಅವರು ಕೆಳಗೆ ನೋಡಿದ್ದು. ಮೊದಲು ಕೆಂಡ ನೋಡಿದರು, ಆಮೇಲೆ ಕಾಲು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಎಷ್ಟೋ ರೋಗಿಗಳಿಗೆ ಕೆಟ್ಟ ಸುದ್ದಿ ತಿಳಿಯುವ ಗಳಿಗೆಯನ್ನು ನಾನು ಕಂಡಿದ್ದೇನೆ. ಡಾಕ್ಟರು ಬಾಯಿಬಿಡುವ ಮೊದಲೇ ತನ್ನ ರೋಗವನ್ನು ತಾನೇ ಪತ್ತೆ ಹಚ್ಚಿದ ಮುಖವನ್ನು ಕಂಡದ್ದು ಅದೊಂದೇ ಸಲ. ನನಗೆ ಅಳು ಬಂತು. ಅವರು ಮೆಲ್ಲಗೆ ಕೂತು, ಲುಂಗಿ ಸರಿಸಿ, ಪಾದವನ್ನು ನನ್ನ ಕಡೆ ಚಾಚಿದರು.

"ನೋಡಮ್ಮ," ಅಂದರು. ಅಷ್ಟೇ.

ಹಿಮ್ಮಡಿಯ ಸುಟ್ಟ ಗಾಯವಲ್ಲದೆ ಕಾಲ್ಬೆರಳ ಸಂದಿಯಲ್ಲಿ ಹಳೆಯ ಹುಣ್ಣೊಂದು ಒಳಗೊಳಗೇ ಕೊಳೆಯುತ್ತಿತ್ತು. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಗಾಯ ಮಾಯುವ ಹೊತ್ತಿಗೆ ಚಾಚಾ ಇನ್ನೂ ಸೊರಗಿದ್ದರು. ನಮ್ಮಲ್ಲಿಗೆ ಬಂದಾಗ ವೀಣಾ ಮೇಡಂ ಅವರ ಎದುರು ಕೂತು ಒಂದೇ ಪ್ರಶ್ನೆ ಕೇಳಿದರು. "ಯಾವಾಗಿಂದ ಸತ್ತೈತೆ ಇದು?"

"ವರ್ಷಗಳೇ ಆಗಿರಬೇಕು ಚಾಚಾ. ಶುರು ಆದಾಗ ಕೈ ಬೇಯ್ತಿದೆ, ಒಳ್ಳೆಯದೇ ಆಗ್ತಿದೆ ಅಂತ ನಿಮಗೆ ಅನ್ನಿಸಿರುತ್ತೆ," ಅಂದರು ಮೇಡಂ.

ಚಾಚಾ ತಲೆ ತಗ್ಗಿಸಿದರು. ಒಂದೊಂದೇ ಹೆಸರು ಹೇಳತೊಡಗಿದರು. ಅಜೀಜ್, ದಸ್ತಗೀರ್, ಮೂಲೆಮನೆಯ ಬೀಬಿ. ತಾವು ಬೆನ್ನು ತಟ್ಟಿ ಬಿರುದು ಕೊಟ್ಟವರ ಹೆಸರು ಅವು. ಬೀಬಿ ಕಾಲಿನ ಹುಣ್ಣಿನಿಂದಲೇ ತೀರಿಕೊಂಡಿದ್ದಳಂತೆ. "ಬಿಸಿ ಗೊತ್ತಾಗ್ತಿಲ್ಲ ಚಾಚಾ, ಹೆದ್ರಿಕೆ ಆಯ್ತೈತೆ ಅಂತ ಬಂದಿದ್ಲು ಅವಳು. ನಾನು ಮಿಠಾಯಿ ಹಂಚಿಸ್ಬುಟ್ಟೆ," ಅಂದರು. ಮೇಡಂ ಅವರ ಭುಜ ಮುಟ್ಟಿದರು. ಬಿಸಿನೀರಿಗೆ ಜಡ್ಡುಗಟ್ಟಿದ ಕೈಗಳೂ ಇರುತ್ತವೆ, ಎಲ್ಲ ಬೆಂದ ಕೈಯೂ ರೋಗವಲ್ಲ, ಪರೀಕ್ಷೆ ಮಾಡಿದರೆ ಮಾತ್ರ ತಿಳಿಯುತ್ತದೆ ಎಂದು ಸಮಾಧಾನ ಹೇಳಿದರು. ಅದು ಅವರ ಕಿವಿಗೆ ಬಿದ್ದಂತೆ ಕಾಣಲಿಲ್ಲ.

ಆಮೇಲೆ ಚಾಚಾ ನಮ್ಮ ಸಂಶೋಧನೆಯ ಏಜೆಂಟರಂತೆ ಆಗಿಹೋದರು. ಊರುಗೋಲು ಊರಿಕೊಂಡು ಶೆಡ್ಡಿನಿಂದ ಶೆಡ್ಡಿಗೆ ಹೋಗಿ ಜನರನ್ನು ಬೈದು ಕಳಿಸುತ್ತಿದ್ದರು. "ಏನ್ಲಾ, ಬಿಸಿ ತಿಳಿಯಾಕಿಲ್ವಾ? ಹಲ್ ಕಿಸೀಬ್ಯಾಡ, ಹೋಗ್ಲಾ ಆಸ್ಪತ್ರೆಗೆ!" ಹೆಮ್ಮೆಯಿಂದ ಕೈ ತೋರಿಸುತ್ತಿದ್ದವರು ಈಗ ಮುಚ್ಚುಮರೆಯಿಂದ ಬರತೊಡಗಿದರು. ಎಷ್ಟೋ ಜನರ ಕಾಲು ಉಳಿಯಿತು. ಮೇಡಂಗೆ ಖುಷಿ, ನನಗೂ ಖುಷಿ. ಆದರೆ ಓಣಿಯ ಅರ್ಧ ಜನರನ್ನು ಕಳಿಸಿದ ಮನುಷ್ಯ ಒಬ್ಬಳನ್ನು ಮಾತ್ರ ಕಳಿಸಲಿಲ್ಲ.

ಶಬಾನಾಳನ್ನು ಯಾವಾಗ ಕರೆತರುತ್ತೀರಿ ಎಂದು ಕೇಳಿದಾಗಲೆಲ್ಲ ಮಾತು ತೇಲಿಸುತ್ತಿದ್ದರು. ಒಮ್ಮೆ ನಾನು ಪಟ್ಟು ಹಿಡಿದೆ. ಆಗ ಸಿಡುಕಿದರು. "ಅವಳ ವಿಚಾರ ಬುಡು ಬೇಟಿ!" ಮರುಕ್ಷಣವೇ ದನಿ ಇಳಿಯಿತು. "ನನ್ ಕಾಲಿಗೆ ಇನ್ನೇನಿದ್ರೂ ಸೈ. ಅವಳದ್ದೂ ಸತ್ತೋಗೈತೆ ಅಂತ ನಿಮ್ ಮೇಡಂ ಅಂದ್ಬುಟ್ರೆ ನಾನೇನ್ ಮಾಡ್ಲಿ? ಆ ಬಾಣ್ಲಿ ಮುಂದೆ ಕೂರಿಸ್ದೋನು ನಾನು. ಅಳ್ತಿದ್ದೋಳ್ನ ಕೂರಿಸ್ದೆ." ಅವರ ಭಯ ಸುಳ್ಳು ಎನ್ನುವಂತಿರಲಿಲ್ಲ. ರಕ್ತದಲ್ಲಿ ಬರುವ ಕಾಯಿಲೆ, ಅಪ್ಪನಂತೆಯೇ ಬಿಸಿ ತಿಳಿಯದ ಕೈ. ನಾನೂ ಒಳಗೊಳಗೇ ಹೆದರಿದ್ದೆ.

ಚಾಚಾ ಈಗ ಇಲ್ಲ. ಒಂದು ಬೆಳಿಗ್ಗೆ ಚಹಾ ಕುಡಿದು ಗೋಡೆಗೆ ಒರಗಿದವರು ಹಾಗೆಯೇ ಹೋದರು. ಹೃದಯಾಘಾತ. ಹೀಗೆ ನರ ಸತ್ತವರಿಗೆ ಎದೆನೋವೂ ತಿಳಿಯದೇ ಹೋಗಬಹುದು ಎಂದು ಮೇಡಂ ಹೇಳಿದರು. ಹಿಂದಿನ ದಿನ ಒಸಿ ಸುಸ್ತು ಅಂದಿದ್ದರಂತೆ, ಬೇರೇನೂ ಅನ್ನಲಿಲ್ಲವಂತೆ. ಸುದ್ದಿ ಕೇಳಿದಾಗ ನಾನು ಕನಕಪುರದ ಬಸ್ಸಿನಲ್ಲಿದ್ದೆ. ಕೆಲಸ ಬಿಟ್ಟು ಇಳಿದು, ಇತ್ತ ಬರುವ ಬಸ್ಸು ಹಿಡಿದು ಬಂದೆ. ತಡವಾಗಿತ್ತು, ಮಣ್ಣು ಮಾಡಿ ಎಲ್ಲರೂ ಹಿಂತಿರುಗಿದ್ದರು.

ಆದರೆ ಅದಕ್ಕೆ ಮುಂಚೆ, ನಾನು ಅವರನ್ನು ಕೊನೆಯ ಸಲ ನೋಡಿದ ದಿನ, ಅವರು ಶಬಾನಾಳನ್ನು ಕರೆತಂದಿದ್ದರು. ನಾನು ಕರೆಯದೆಯೇ ಬಂದಿದ್ದರು. ಹೊಸ ಜುಬ್ಬಾ ಹಾಕಿದ್ದರು, ಗಡ್ಡ ಬಾಚಿದ್ದರು, ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು ಗೋಡೆ ನೋಡುತ್ತಿದ್ದರು. ಅವಳ ರಕ್ತ ಪರೀಕ್ಷೆ ಮಾಡಿದೆ. ಸಕ್ಕರೆ ಇರಲಿಲ್ಲ. ಎಳೆ ತೆಗೆದುಕೊಂಡು ಪಾದ ಮುಟ್ಟಿದೆ. "ಹೂಂ," ಅಂದಳು. ಇನ್ನೊಂದು ಪಾದ. "ಹೂಂ." ಬೆರಳ ತುದಿ, ಒಂದೊಂದಾಗಿ. ಎಲ್ಲಕ್ಕೂ "ಹೂಂ, ಹೂಂ". ಬಿಸಿ ನಳಿಕೆಯನ್ನು ಬಿಸಿ ಅಂದಳು, ತಣ್ಣನೆಯದನ್ನು ತಣ್ಣಗೆ ಅಂದಳು. ಮೇಡಂ ತಾವೇ ಬಂದು ಇನ್ನೊಮ್ಮೆ ನೋಡಿದರು.

"ಏನೂ ಆಗಿಲ್ಲ ಚಾಚಾ! ನಿಮ್ಮ ಮಗಳಿಗೆ ಎಲ್ಲ ಚೆನ್ನಾಗಿ ಗೊತ್ತಾಗ್ತಿದೆ. ನನಗಿಂತ ಚುರುಕು."

ಚಾಚಾ "ಯಾ ಅಲ್ಲಾ" ಎಂದು ಎರಡೂ ಕೈಯಿಂದ ಮುಖ ಸವರಿಕೊಂಡರು. ಬಾಯಿ ತುಂಬ ನಕ್ಕರು. ಆ ನಗು ಅಲ್ಲೇ ನಿಂತಿತು.

"ಗೊತ್ತಾಗ್ತೈತಾ?" ಅಂದರು ಮಗಳಿಗೆ. "ಹಂಗಾರೆ ಬಾಣ್ಲಿ ನೀರು?"

ಶಬಾನಾ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ಸುಡ್ತಿತ್ತಾ?"

"ಸುಡ್ತಿತ್ತು ಅಬ್ಬಾಜಾನ್."

"ಎಂದಿಂದ?"

"ಮೊದಲ್ನೇ ದಿನದಿಂದ. ಇವತ್ತೂ ಸುಡ್ತು."

"ಒಂದಿನಾನೂ ಬಾಯ್ ಬುಡ್ನಿಲ್ವಲ್ಲ ನೀನು."

"ನೀವು ಎಲ್ರ ಮುಂದೆ ಅಷ್ಟು ಖುಷಿಯಾಗಿ ಹೇಳ್ತಿದ್ರಿ, ಅದ್ಕೇ," ಅಂದಳು. ಬೇಸರವಿಲ್ಲದೆ, ಮಾಮೂಲಿ ಮಾತಿನಂತೆ ಅಂದಳು.

ಚಾಚಾ ಎದ್ದು, ಊರುಗೋಲು ಬಿಟ್ಟು, ಮೇಜು ಹಿಡಿದುಕೊಂಡು ಅವಳ ಬಳಿಗೆ ಬಂದರು. ಅವಳ ಬಲಗೈಯನ್ನು ತಮ್ಮೆರಡು ಕೈಯೊಳಗೆ ತೆಗೆದುಕೊಂಡರು. ಬಹಳ ಹೊತ್ತು ಹಿಡಿದಿದ್ದರು. ಅವರ ಹೆಬ್ಬೆರಳು ಅವಳ ಅಂಗೈ ಮೇಲೆ ಏನನ್ನೋ ಹುಡುಕುವಂತೆ ಓಡಾಡಿತು. ಆಮೇಲೆ ನನ್ನತ್ತ ತಿರುಗಿದರು.

"ಕುದೂರಮ್ಮ, ಒಸಿ ಬಾ ಇಲ್ಲಿ. ನೀನ್ ಮುಟ್ಟಿ ಹೇಳು. ಬೆಚ್ಚಗೈತಾ ಇವಳ ಕೈ? ನಂಗೆ ತಿಳಿಯಾಕಿಲ್ಲ."

ನಾನು ಮುಟ್ಟಿದೆ. "ಬೆಚ್ಚಗಿದೆ ಚಾಚಾ," ಅಂದೆ.